ಮೊದಲು ಬರೆಯಿರಿ, ಆಮೇಲೆ ಮಾತಾಡಿ: ಸಂಘದ ಸಭೆಯಲ್ಲಿ ಹೊಸ ಐಡಿಯಾ ತೆಗೆಯುವ ಕ್ರಮ

ಕೋಲಾರದ ಟೊಮೆಟೊ ಬೆಳೆಗಾರರ ಗುಂಪಾಗಲಿ, ಶಿಡ್ಲಘಟ್ಟದಲ್ಲಿ ಗೂಡಿನಿಂದ ರೇಷ್ಮೆ ನೂಲು ತೆಗೆಯುವ ರೀಲರ್‌ಗಳಾಗಲಿ, ತಿಪಟೂರು ಕಡೆಯ ತೆಂಗು ಬೆಳೆಗಾರರಾಗಲಿ, ವಸಂತನರಸಾಪುರದ ಕಾರ್ಖಾನೆಯ ಶಿಫ್ಟ್ ಮೀಟಿಂಗ್ ಆಗಲಿ, ತೊಡಕೊಂದು ಎದುರಾದಾಗ ನಡೆಯುವುದು ಒಂದೇ ರೀತಿ. ಎಲ್ಲರನ್ನೂ ಕರೆದು ಕೂರಿಸುತ್ತಾರೆ. ‘ಯಾರಿಗೆ ಏನು ತೋಚುತ್ತೋ ಹೇಳಿ, ಸಂಕೋಚ ಬೇಡ’ ಎನ್ನುತ್ತಾರೆ. ಅಧ್ಯಕ್ಷರೋ ಊರಿನ ಹಿರಿಯರೋ ಮೊದಲು ಮಾತೆತ್ತುತ್ತಾರೆ. ಅವರು ‘ಕೋಲ್ಡ್ ಸ್ಟೋರೇಜ್ ಕೇಳೋಣ’ ಎಂದರೆ ಮುಂದಿನ ಮುಕ್ಕಾಲು ಗಂಟೆ ಅದು ಎಲ್ಲಿ, ಯಾರ ಜಾಗದಲ್ಲಿ, ಯಾರನ್ನು ಹೋಗಿ ನೋಡಬೇಕು ಎಂಬುದರಲ್ಲೇ ಕಳೆಯುತ್ತದೆ. ಹಿಂದಿನ ಸಾಲಿನವರು ಎದ್ದು ಚಪ್ಪಲಿ ಮೆಟ್ಟಿಕೊಳ್ಳುತ್ತ ಪಕ್ಕದವರ ಕಿವಿಯಲ್ಲಿ ಹೇಳುವ ಮಾತು ಎಷ್ಟೋ ಸಲ ಸಭೆಯಲ್ಲೇ ಬರಬೇಕಿದ್ದ ಮಾತಾಗಿರುತ್ತದೆ.

ಇದು ಜನರ ದೋಷಕ್ಕಿಂತ ಕ್ರಮದ ದೋಷ. ಐಡಿಯಾ ಹುಟ್ಟಿಸುವ ಕೆಲಸವನ್ನು ಒಬ್ಬೊಬ್ಬರೂ ತಮ್ಮಷ್ಟಕ್ಕೆ ತಾವು, ಮಾತಿಲ್ಲದೆ, ಚೀಟಿಯ ಮೇಲೆ ಮಾಡಬೇಕು. ಜೋಡಿಸುವುದು, ಸೋಸುವುದು, ಆರಿಸುವುದು ಗುಂಪಿನ ಕೆಲಸ. ಎರಡನ್ನೂ ಒಂದೇ ಉಸಿರಿನಲ್ಲಿ ಮಾಡಹೊರಟರೆ ಎರಡೂ ಕೆಡುತ್ತವೆ. ಹತ್ತು ಹನ್ನೆರಡು ಜನರ ಗುಂಪು ಎರಡು ಗಂಟೆಯಲ್ಲಿ ಇದನ್ನು ಹೇಗೆ ಮುಗಿಸಬಹುದು ಎಂಬುದನ್ನು ಕೆಳಗೆ ಬಿಡಿಸಿ ಕೊಟ್ಟಿದೆ.

ಕೂಡಿ ಕೂತರೆ ಕಡಿಮೆ ಹೊಳೆಯುವುದು ಯಾಕೆ

ಗುಂಪಾಗಿ ಕೂತು ಐಡಿಯಾ ತೆಗೆಯುವ ಬ್ರೈನ್‌ಸ್ಟಾರ್ಮಿಂಗ್ ಪದ್ಧತಿಯನ್ನು ಹಬ್ಬಿಸಿದವರು ಅಮೆರಿಕದ ಬಿಬಿಡಿಒ ಜಾಹೀರಾತು ಕಂಪನಿಯ ಅಲೆಕ್ಸ್ ಆಸ್ಬರ್ನ್. 1940–50ರ ದಶಕಗಳಲ್ಲಿ ಅವರು ನಾಲ್ಕು ನಿಯಮ ಹೇಳಿದರು: ಟೀಕೆಯನ್ನು ಆಮೇಲಕ್ಕೆ ಇಡಿ, ವಿಚಿತ್ರ ಎನಿಸಿದ್ದನ್ನೂ ಹೇಳಿ, ಆದಷ್ಟು ಹೆಚ್ಚು ಹೇಳಿ, ಬೇರೆಯವರು ಹೇಳಿದ್ದಕ್ಕೆ ನಿಮ್ಮದನ್ನು ಸೇರಿಸಿ ಬೆಳೆಸಿ. ನಿಯಮಗಳು ಒಳ್ಳೆಯವು, ಈಗಲೂ ಬಳಸಬೇಕಾದವು. ಆದರೆ ಗುಂಪಿನಲ್ಲಿ ಕೂತರೆ ಒಬ್ಬೊಬ್ಬರಿಗೂ ಎರಡರಷ್ಟು ಹೊಳೆಯುತ್ತದೆ ಎಂಬ ಅವರ ಮಾತು ಪರೀಕ್ಷೆಯಲ್ಲಿ ನಿಲ್ಲಲಿಲ್ಲ. 1958ರಲ್ಲಿ ಯೇಲ್ ವಿಶ್ವವಿದ್ಯಾಲಯದ ಟೇಲರ್, ಬೆರಿ ಮತ್ತು ಬ್ಲಾಕ್ ನಾಲ್ಕು ನಾಲ್ಕು ಜನರ ಗುಂಪುಗಳಿಗೂ, ಒಂಟಿಯಾಗಿ ಕೂತವರಿಗೂ ಒಂದೇ ಪ್ರಶ್ನೆಗಳನ್ನು ಕೊಟ್ಟರು. ಆಮೇಲೆ ಒಂಟಿಯವರಲ್ಲಿ ನಾಲ್ವರ ಪಟ್ಟಿಗಳನ್ನು ಒಟ್ಟುಗೂಡಿಸಿ, ಎರಡೆರಡು ಸಲ ಬಂದಿದ್ದನ್ನು ಒಂದೇ ಎಂದು ಎಣಿಸಿ, ಗುಂಪಿನ ಪಟ್ಟಿಯ ಪಕ್ಕ ಇಟ್ಟರು. ಒಂಟಿಯವರ ಪಟ್ಟಿ ಸುಮಾರು ಎರಡರಷ್ಟು ಉದ್ದವಿತ್ತು. ಆಮೇಲೆ ಬಂದ ಹತ್ತಾರು ಪ್ರಯೋಗಗಳಲ್ಲೂ ಫಲ ಇದೇ ದಿಕ್ಕಿನದು; ಗುಂಪು ದೊಡ್ಡದಾದಷ್ಟೂ ನಷ್ಟ ಹೆಚ್ಚು. ಆಸ್ಬರ್ನ್ ಕೂಡ ಒಂಟಿ ಯೋಚನೆ ಬೇಡ ಎಂದವರಲ್ಲ, ಎರಡೂ ಜೊತೆಗಿರಲಿ ಎಂದೇ ಹೇಳಿದ್ದರು. ಹಬ್ಬಿದ್ದು ಮಾತ್ರ ಗುಂಪಿನ ಅರ್ಧ.

ನಷ್ಟಕ್ಕೆ ಮೂರು ಕಾರಣಗಳಿವೆ. ಮೊದಲನೆಯದೇ ದೊಡ್ಡದು: ಸಭೆಯಲ್ಲಿ ಒಂದು ಹೊತ್ತಿಗೆ ಒಬ್ಬರೇ ಮಾತಾಡಲು ಸಾಧ್ಯ. ಲೆಕ್ಕ ಹಾಕಿ ನೋಡಿ. ಹನ್ನೆರಡು ಜನ, ಒಂದು ಗಂಟೆ, ಎಲ್ಲರಿಗೂ ಸಮಪಾಲು ಸಿಕ್ಕರೂ ತಲೆಗೆ ಐದು ನಿಮಿಷ. ಉಳಿದ 55 ನಿಮಿಷ ಕೇಳಬೇಕು, ಹೊಳೆದಿದ್ದನ್ನು ಮರೆಯದಂತೆ ಹಿಡಿದಿಟ್ಟುಕೊಳ್ಳಬೇಕು, ನಡುವೆ ಸಂದು ಹುಡುಕಬೇಕು. ಹಿಡಿದಿಟ್ಟುಕೊಳ್ಳುವ ಗಡಿಬಿಡಿಯಲ್ಲಿ ಮುಂದಿನದು ಹೊಳೆಯುವುದಿಲ್ಲ. 1987ರಲ್ಲಿ ಜರ್ಮನಿಯ ಡೀಲ್ ಮತ್ತು ಸ್ಟ್ರೋಬ ಇದನ್ನು ಚೆನ್ನಾಗಿ ತೋರಿಸಿದರು. ಜನರನ್ನು ಬೇರೆ ಬೇರೆ ಕೋಣೆಗಳಲ್ಲಿ ಕೂರಿಸಿ, ಇನ್ನೊಬ್ಬರು ಮಾತಾಡುತ್ತಿದ್ದಾರೆ ಎಂದು ದೀಪದಿಂದ ತಿಳಿಸಿ, ಆ ಹೊತ್ತಿನಲ್ಲಿ ಸುಮ್ಮನಿರಬೇಕು ಎಂದರು. ಎದುರಿಗೆ ಯಾರೂ ಇರಲಿಲ್ಲ, ನಾಚಿಕೆಗೆ ಕಾರಣವೇ ಇರಲಿಲ್ಲ. ಆದರೂ ಸರದಿ ಕಾಯಬೇಕಾದವರ ಐಡಿಯಾ ಸಂಖ್ಯೆ ಕುಸಿಯಿತು. ಹಾಗಾಗಿ ‘ಧೈರ್ಯವಾಗಿ ಮಾತಾಡಿ’ ಎಂದು ಎಷ್ಟು ಹುರಿದುಂಬಿಸಿದರೂ ಈ ಕಾರಣ ಹೋಗುವುದಿಲ್ಲ, ಕಾಯುವುದನ್ನೇ ತೆಗೆಯಬೇಕು.

ಎರಡನೆಯದು ಭಯ. ಟೀಕೆ ಇಲ್ಲ ಎಂದು ಸಾರಿದರೂ ಮಾವನ ಎದುರು ಸೊಸೆ, ಸಾಲ ಕೊಟ್ಟವರ ಎದುರು ಸಾಲ ತಂದವರು, ಮೇಸ್ತ್ರಿಯ ಎದುರು ಹೊಸ ಹುಡುಗ ಬಾಯಿ ಬಿಡುವಾಗ ಹತ್ತು ಸಲ ಯೋಚಿಸುತ್ತಾರೆ. ನಮ್ಮ ಕಡೆ ಇದರ ತೂಕ ಪ್ರಯೋಗಶಾಲೆಗಿಂತ ಹೆಚ್ಚೇ. ಮೂರನೆಯದು ‘ಅವರು ಹೇಳ್ತಾರೆ ಬಿಡು’ ಎಂಬ ಸಡಿಲಿಕೆ. ಫ್ರಾನ್ಸಿನ ಕೃಷಿ ಎಂಜಿನಿಯರ್ ರಿಂಗೆಲ್‌ಮನ್ ನೂರು ವರ್ಷಕ್ಕೂ ಹಿಂದೆಯೇ ಹಗ್ಗ ಎಳೆಸಿ ಅಳೆದಿದ್ದರು: ಜನ ಹೆಚ್ಚಾದಂತೆ ಒಬ್ಬೊಬ್ಬರ ಎಳೆತ ಕಡಿಮೆಯಾಗುತ್ತ ಬಂತು.

ಇಷ್ಟಾದರೂ ಸಭೆ ಮುಗಿಸಿ ಹೊರಟವರಿಗೆ ‘ಇವತ್ತು ಚೆನ್ನಾಗಿ ಚರ್ಚೆಯಾಯಿತು’ ಎಂದೇ ಅನಿಸುತ್ತದೆ. ಬೇರೆಯವರು ಹೇಳಿದ್ದೂ ನಮ್ಮ ತಲೆಯಲ್ಲಿದ್ದದ್ದೇ ಎನಿಸುವುದು, ನಡುವೆ ಮೌನ ಬೀಳದಿರುವುದು, ಇವೆರಡೂ ಆ ತೃಪ್ತಿಯನ್ನು ಕೊಡುತ್ತವೆ. ಅದಕ್ಕೇ ತೃಪ್ತಿಯನ್ನು ಅಳತೆಗೋಲಾಗಿ ಇಟ್ಟುಕೊಳ್ಳಬೇಡಿ. ಬೇರೆ ಬೇರೆ ಎನ್ನಬಹುದಾದ ಚೀಟಿಗಳನ್ನು ಎಣಿಸಿ.

ಪ್ರಶ್ನೆ ಕಟ್ಟುವುದು

ಅರ್ಧ ಕೆಲಸ ಇಲ್ಲಿದೆ. ‘ಟೊಮೆಟೊ ರೇಟ್ ಬಿದ್ದಾಗ ಏನು ಮಾಡೋಣ’ ಎಂದು ಕೇಳಿದರೆ ಬರುವ ಉತ್ತರ ‘ಸರ್ಕಾರ ಬೆಂಬಲ ಬೆಲೆ ಕೊಡಬೇಕು’ ಎಂಬುದೇ. ಮಾತು ತಪ್ಪಲ್ಲ, ಆದರೆ ಕೂತ ಹನ್ನೆರಡು ಜನ ಸೋಮವಾರ ಬೆಳಿಗ್ಗೆ ಶುರು ಮಾಡಬಹುದಾದದ್ದು ಅದರಲ್ಲಿ ಏನೂ ಇಲ್ಲ. ಪ್ರಶ್ನೆಯಲ್ಲಿ ನಾಲ್ಕು ಅಂಶ ಇರಲಿ: ಯಾರ ಕೈಯಲ್ಲಿ, ಯಾವ ವಸ್ತು, ಯಾವ ಸಮಯ, ಎಷ್ಟು ದುಡ್ಡು. ಹೀಗೆ:

‘15 ಕೆ.ಜಿ. ಬಾಕ್ಸ್ ಬೆಲೆ ಬಿಡಿಸುವ ಕೂಲಿಗೂ ಸಾಲದಷ್ಟು ಇಳಿದ ವಾರ, ನಮ್ಮ ಹನ್ನೆರಡು ಮನೆಯ ಹೊಲದಲ್ಲಿ ನಿಲ್ಲುವ ಹಣ್ಣಿನಿಂದ, ಸಂಘದ 50 ಸಾವಿರ ರೂಪಾಯಿಯೊಳಗೆ, ನಾವೇ ಏನೇನು ಮಾಡಬಹುದು?’

ಇದನ್ನೂ ಒಡೆದರೆ ಇನ್ನೂ ಒಳ್ಳೆಯದು. ನಾಟಿಗೆ ಮುಂಚೆ ಏನು ಮಾಡಿದ್ದರೆ ಈ ವಾರ ಬರುತ್ತಿರಲಿಲ್ಲ. ಆ ವಾರ ಏನು. ಮಂಡಿಗೆ ಹೋದ ಮೇಲೆ ಏನು. ಮೂರು ಚಿಕ್ಕ ಪ್ರಶ್ನೆಗಳನ್ನು ಒಂದಾದ ಮೇಲೊಂದು ಐದೈದು ನಿಮಿಷ ಕೊಟ್ಟಾಗ, ಒಂದು ದೊಡ್ಡ ಪ್ರಶ್ನೆಗೆ ಹದಿನೈದು ನಿಮಿಷ ಕೊಟ್ಟದ್ದಕ್ಕಿಂತ ಹೆಚ್ಚು ಬರುತ್ತದೆ. ಯಾಕೆಂದರೆ ಒಂದೇ ಪ್ರಶ್ನೆ ಕೊಟ್ಟರೆ ಎಲ್ಲರೂ ಅದರ ಕಣ್ಣಿಗೆ ಬೀಳುವ ಮಗ್ಗುಲಲ್ಲೇ ನಿಲ್ಲುತ್ತಾರೆ.

ಹಾಲಿನ ಡೈರಿಯಾದರೆ ‘ಹಾಲಿನ ಗುಣಮಟ್ಟ ಹೆಚ್ಚಿಸುವುದು ಹೇಗೆ’ ಎನ್ನುವ ಬದಲು ‘ಮಾರ್ಚ್‌ನಿಂದ ಮೇವರೆಗೆ ಎಸ್‌ಎನ್‌ಎಫ್ (ಹಾಲಿನಲ್ಲಿ ಕೊಬ್ಬು ಬಿಟ್ಟು ಉಳಿದ ಘನಾಂಶ) ಇಳಿಯುವುದನ್ನು ತಡೆಯಲು ಹಸು ಕಟ್ಟುವ ಜಾಗದಲ್ಲಿ, ಖರ್ಚಿಲ್ಲದೆ ಏನು ಬದಲಿಸಬಹುದು’ ಎಂದು ಕೇಳಿ. ಪ್ರಶ್ನೆಯೊಳಗೆ ಉತ್ತರವನ್ನು ಅಡಗಿಸಬೇಡಿ: ‘ಕೋಲ್ಡ್ ಸ್ಟೋರೇಜ್ ತರಿಸುವುದು ಹೇಗೆ’ ಎಂಬುದು ಪ್ರಶ್ನೆಯ ವೇಷ ಹಾಕಿದ ತೀರ್ಮಾನ.

ಉದಾಹರಣೆಯನ್ನೂ ಕೊಡಬೇಡಿ. ಜನರಿಗೆ ಸುಲಭವಾಗಲಿ ಎಂದು ‘ಈಗ ನೋಡಿ, ಸಾಸ್ ಮಾಡಬಹುದು’ ಎಂದುಬಿಟ್ಟರೆ ಬರುವ ಚೀಟಿಗಳಲ್ಲಿ ಸಾಸ್, ಕೆಚಪ್, ಪ್ಯೂರಿ, ಉಪ್ಪಿನಕಾಯಿಯೇ ತುಂಬಿರುತ್ತದೆ. 1991ರಲ್ಲಿ ಜಾನ್ಸನ್ ಮತ್ತು ಸ್ಮಿತ್ ಎಂಬ ಸಂಶೋಧಕರು ವಿನ್ಯಾಸ ಮಾಡುವವರಿಗೆ ಮಾದರಿ ತೋರಿಸಿ ನೋಡಿದ್ದರು. ವಿನ್ಯಾಸ ಮಾಡುವವರು ಮಾದರಿಯಲ್ಲಿದ್ದ ದೋಷಗಳನ್ನೂ ಸೇರಿಸಿ ನಕಲು ಮಾಡಿದರು. ಉದಾಹರಣೆ ಬೇಕೇ ಬೇಕಾದರೆ ಪೂರ್ತಿ ಬೇರೆ ವಿಷಯದ್ದನ್ನು ಕೊಡಿ.

ಹೊತ್ತು, ಜಾಗ, ಸಾಮಾನು

ಬೆಳಿಗ್ಗೆ ಸಂಜೆ ಡೈರಿಗೆ ಹಾಲು ಹಾಕುವ ಹೊತ್ತು ಬಿಟ್ಟು, ಟೊಮೆಟೊ ಕೊಯ್ಲಿನ ದಿನ ಬಿಟ್ಟು ಸಮಯ ಗೊತ್ತು ಮಾಡಿ. ಪ್ರಶ್ನೆಯನ್ನು ಎರಡು ದಿನ ಮುಂಚೆಯೇ ಎಲ್ಲರಿಗೂ ಮುಟ್ಟಿಸಿ. ನೀರು ಕಟ್ಟುವಾಗಲೋ ಬಸ್ಸಿನಲ್ಲೋ ಹೊಳೆಯುವುದು ಸಭೆಯಲ್ಲಿ ಹೊಳೆಯುವುದಕ್ಕಿಂತ ಕಡಿಮೆಯೇನಲ್ಲ. ಹನ್ನೆರಡು ಜನಕ್ಕಿಂತ ಹೆಚ್ಚಿದ್ದರೆ ಎರಡು ಗುಂಪು ಮಾಡಿ.

ಹನ್ನೆರಡು ಜನರಿಗೆ ತಲಾ ಎಂಟು ಚೀಟಿ, ಅಂದರೆ 96. ಎ4 ಹಾಳೆಯನ್ನು ನಾಲ್ಕು ತುಂಡು ಮಾಡಿದರೆ 24 ಹಾಳೆ ಸಾಕು. ಇನ್ನಷ್ಟು ಕೇಳುವವರಿಗೆಂದು ಆರು ಹಾಳೆ ಹೆಚ್ಚು ಇಟ್ಟುಕೊಳ್ಳಿ. ಪೆನ್ನುಗಳೆಲ್ಲ ಒಂದೇ ಬಣ್ಣದವು ಇರಲಿ. ಒಬ್ಬರು ಕೆಂಪು, ಒಬ್ಬರು ಹಸಿರು ಬಳಸಿದರೆ ಯಾರ ಚೀಟಿ ಎಂದು ಎಲ್ಲರಿಗೂ ಗೊತ್ತಾಗಿ, ಹೆಸರು ಬರೆಸದೇ ಇದ್ದದ್ದು ವ್ಯರ್ಥವಾಗುತ್ತದೆ. ಚಾರ್ಟ್ ಪೇಪರ್ ನಾಲ್ಕು, ಸೆಲ್ಲೋ ಟೇಪ್ ಒಂದು, ಅಲಾರಂ ಇರುವ ಫೋನ್ ಒಂದು. ಜಾಗ ಸಮುದಾಯ ಭವನವೋ ಶಾಲೆಯ ಕೋಣೆಯೋ ಆಗಲಿ; ಯಾರದಾದರೂ ಮನೆಯ ಪಡಸಾಲೆ ಬೇಡ. ಆ ಮನೆಯ ಯಜಮಾನರ ಮಾತಿಗೆ ಅವತ್ತು ತಾನಾಗಿ ತೂಕ ಬಂದುಬಿಡುತ್ತದೆ.

ಸಭೆ ನಡೆಸುವವರು ಅಧ್ಯಕ್ಷರಾಗಿರಬಾರದು. ಪಕ್ಕದೂರಿನ ಸಂಘದ ಕಾರ್ಯದರ್ಶಿ, ಶಾಲಾ ಶಿಕ್ಷಕರು, ಹೀಗೆ ಫಲಿತಾಂಶದಲ್ಲಿ ಪಾಲಿಲ್ಲದವರು ಸರಿ. ಅಧ್ಯಕ್ಷರಿಗೆ ಮುಂಚೆಯೇ ಹೋಗಿ ‘ಅಣ್ಣ, ಮೊದಲ ಅರ್ಧ ಗಂಟೆ ನೀವೂ ಎಲ್ಲರ ಹಾಗೆ ಬರೀಬೇಕು, ಕೊನೇಲಿ ಮಾತಾಡಬೇಕು’ ಎಂದು ಹೇಳಿ ಒಪ್ಪಿಸಿ. ಸಭೆಯಲ್ಲಿ ಎಲ್ಲರೆದುರು ಹೇಳಿದರೆ ಅವಮಾನವೆಂದುಕೊಳ್ಳುತ್ತಾರೆ. ಮುಂಚೆ ಹೇಳಿದರೆ ಅವರೇ ಕಾವಲುಗಾರರಾಗಿ ನಿಲ್ಲುತ್ತಾರೆ.

ಮಾತಿಲ್ಲದ ಹದಿನೈದು ನಿಮಿಷ

ಪ್ರಶ್ನೆಯನ್ನು ದೊಡ್ಡದಾಗಿ ಬರೆದು ಗೋಡೆಗೆ ಅಂಟಿಸಿ, ಎರಡು ಸಲ ಓದಿ. ಚೀಟಿಗೆ ಒಂದೇ ಐಡಿಯಾ, ಹೆಸರು ಬೇಡ, ಕನಿಷ್ಠ ಐದಾರು ಪದ. ಪದಗಳ ಈ ನಿಯಮ ಸಣ್ಣದು ಎನಿಸಬಹುದು, ಆದರೆ ಬಿಡಬೇಡಿ. ‘ಒಣಗಿಸುವುದು’ ಎಂದಷ್ಟೇ ಇದ್ದರೆ ಆಮೇಲೆ ಅದರ ಅರ್ಥ ಬಿಡಿಸುವುದಕ್ಕೇ ಹತ್ತು ನಿಮಿಷ ಬೇಕು, ಬರೆದವರು ಯಾರೆಂದೂ ಬಯಲಾಗುತ್ತದೆ. ‘ಹೋಳು ಮಾಡಿ ಬಿಸಿಲಲ್ಲಿ ಒಣಗಿಸಿ ಬೆಂಗಳೂರಿನ ಹೋಟೆಲಿಗೆ ಕೊಡುವುದು’ ಎಂದಿದ್ದರೆ ಕೇಳುವುದೇನೂ ಇಲ್ಲ.

ಐದಾರು ನಿಮಿಷಕ್ಕೆ ಪೆನ್ನುಗಳು ನಿಲ್ಲುತ್ತವೆ. ಜನ ಕಿಟಕಿ ನೋಡುತ್ತಾರೆ, ಫೋನ್ ಮುಟ್ಟುತ್ತಾರೆ. ಸಭೆ ನಡೆಸುವವರು ಎಡವುವುದು ಇಲ್ಲೇ: ‘ಆಯ್ತಾ? ಸರಿ, ಶುರು ಮಾಡೋಣ’ ಎಂದುಬಿಡುತ್ತಾರೆ. ಮೊದಲ ನಾಲ್ಕೈದು ಚೀಟಿಗಳಲ್ಲಿ ಇರುವುದು ಎಲ್ಲರಿಗೂ ಗೊತ್ತಿರುವುದೇ. ಅವು ಖಾಲಿಯಾದ ಮೇಲೆ ಬರುವವೇ ನಮಗೆ ಬೇಕಾದವು. ಇನ್ನು ಬರುವುದಿಲ್ಲ ಎಂದು ಜನರಿಗೆ ಅನಿಸುವುದು ಬಹುಪಾಲು ತಪ್ಪು ಅಂದಾಜು ಎಂದು ಲೂಕಾಸ್ ಮತ್ತು ನಾರ್ಡ್‌ಗ್ರೆನ್ 2020ರಲ್ಲಿ ತೋರಿಸಿದ್ದಾರೆ. ಆದ್ದರಿಂದ ಹದಿನೈದು ನಿಮಿಷ ಪೂರ್ತಿ ಕೂರಿಸಿ. ಏಳನೇ ನಿಮಿಷಕ್ಕೆ ಒಂದು ಮಾತು ಮಾತ್ರ ಹೇಳಿ: ‘ಇನ್ನು ಮೂರು ಚೀಟಿ, ಸರಿಯೋ ತಪ್ಪೋ ಯೋಚಿಸಬೇಡಿ.’

ಮುಂದೆ ಹೋಗದೆ ನಿಂತವರಿಗೆ ಕೈಮರವಾಗಿ ಒಂದು ಚಾರ್ಟಿನಲ್ಲಿ ಕೆಲವು ಪ್ರಶ್ನೆಗಳನ್ನು ಬರೆದು ತಿರುಗಿಸಿ ಇಟ್ಟುಕೊಂಡಿರಿ, ಹತ್ತನೇ ನಿಮಿಷಕ್ಕೆ ತೋರಿಸಿ. ಆಸ್ಬರ್ನ್ ಮಾಡಿದ್ದ ಇಂಥ ಪ್ರಶ್ನೆಗಳ ಪಟ್ಟಿಯನ್ನು ಬಾಬ್ ಎಬರ್ಲೆ ಎಂಬ ಶಿಕ್ಷಣತಜ್ಞರು ಸ್ಕ್ಯಾಂಪರ್ ಎಂಬ ಹೆಸರಿನಲ್ಲಿ ಅಡಕ ಮಾಡಿದರು. ಅದರ ತಿರುಳು ಇಷ್ಟು: ಒಂದರ ಬದಲು ಇನ್ನೊಂದು ಹಾಕಿದರೆ? ಎರಡನ್ನು ಕೂಡಿಸಿದರೆ? ಬೇರೆ ಬೆಳೆಯವರು ಮಾಡುವುದನ್ನು ತಂದರೆ? ಹಿಗ್ಗಿಸಿದರೆ, ಕುಗ್ಗಿಸಿದರೆ? ಬೇರೆ ಉಪಯೋಗಕ್ಕೆ ಕೊಟ್ಟರೆ? ಒಂದು ಹಂತ ತೆಗೆದುಬಿಟ್ಟರೆ? ಹಿಂದುಮುಂದು ಮಾಡಿದರೆ?

ಇದಕ್ಕಿಂತಲೂ ನಮ್ಮ ಜನಕ್ಕೆ ಬೇಗ ಹಿಡಿಸುವುದು ತಲೆಕೆಳಗಾದ ಪ್ರಶ್ನೆ. ‘ನಷ್ಟ ಇನ್ನೂ ಹೆಚ್ಚಾಗಬೇಕಾದರೆ ಏನು ಮಾಡಬೇಕು?’ ಎಂದು ಕೇಳಿ. ಪಟ್ಟಿ ತಾನಾಗಿ ಬರುತ್ತದೆ: ಎಲ್ಲರೂ ಒಂದೇ ವಾರ ನಾಟಿ ಮಾಡಬೇಕು, ಹೋದ ಸಲ ರೇಟ್ ಬಂತೆಂದು ಇದ್ದಬದ್ದ ಜಾಗಕ್ಕೆಲ್ಲ ಹಾಕಬೇಕು, ದಪ್ಪ, ಸಣ್ಣ, ಕಾಯಿ, ಹಣ್ಣು ಎಲ್ಲ ಒಂದೇ ಬಾಕ್ಸಿಗೆ ತುಂಬಬೇಕು, ಹನ್ನೆರಡು ಮನೆಯವರು ಹನ್ನೆರಡು ಟೆಂಪೊ ಮಾಡಬೇಕು. 2023ರ ಜುಲೈನಲ್ಲಿ ಕೋಲಾರದ ಮಾರುಕಟ್ಟೆಯಲ್ಲಿ ಬಾಕ್ಸ್ 2,000 ರೂಪಾಯಿ ದಾಟಿದ್ದನ್ನು ಕಂಡವರಿಗೆ ಎರಡನೇ ಸಾಲು ಬರೆಯಲು ಯಾರೂ ಹೇಳಿಕೊಡಬೇಕಿಲ್ಲ. ಆಮೇಲೆ ಒಂದೊಂದನ್ನೂ ಮಗುಚಿ ಹಾಕಿ. ಹದಿನೈದು ದಿನದ ಅಂತರದಲ್ಲಿ ಮೂರು ಕಂತಾಗಿ ನಾಟಿ, ಹೊಲದಲ್ಲೇ ಗ್ರೇಡಿಂಗ್, ನಾಲ್ಕು ಮನೆಗೊಂದು ಟೆಂಪೊ. ಮೂರಕ್ಕೂ 50 ಸಾವಿರದಲ್ಲಿ ಒಂದು ರೂಪಾಯಿಯೂ ಬೇಡ.

ಬರೆಯಲು ಬಾರದವರು, ಬರೆಯಲು ಹಿಂಜರಿಯುವವರು

ಚೀಟಿ ಪದ್ಧತಿ ಓದಿದವರ ಪರ ವಾಲುತ್ತದೆ. ಅದನ್ನು ಸರಿಪಡಿಸದೆ ಮುಂದುವರಿದರೆ ಮೊದಲು ದೊಡ್ಡ ದನಿಯವರು ಗೆಲ್ಲುತ್ತಿದ್ದಲ್ಲಿ ಈಗ ದುಂಡಗೆ ಬರೆಯುವವರು ಗೆಲ್ಲುತ್ತಾರೆ. ಪಿಯುಸಿ ಓದುವ ಇಬ್ಬರು ಮಕ್ಕಳನ್ನು ಬರೆದುಕೊಡಲು ಕರೆಯಿರಿ; ಸಭೆಗೆ ಬಂದವರ ಮನೆಯವರೇ ಆಗುವುದು ಬೇಡ. ಒಬ್ಬೊಬ್ಬರನ್ನೇ ಹೊರಗಿನ ಜಗಲಿಗೆ ಕರೆದು, ಅವರು ಹೇಳಿದ್ದನ್ನು ಹೇಳಿದಂತೆಯೇ ಬರೆದುಕೊಳ್ಳಲಿ. ‘ಅಂದ್ರೆ ನೀವು ಹೇಳೋದು ಹೀಗಲ್ವಾ ಅಕ್ಕ’ ಎಂದು ತಿದ್ದುವುದು ಬೇಡ.

ಎಲ್ಲರೂ ಬರೆದುಕೊಡುವವರ ಮುಂದೆ ಸಾಲು ನಿಂತರೆ ಮತ್ತೆ ಅದೇ ಕಾಯುವ ತೊಂದರೆ. ಒಬ್ಬರಿಗೆ ನಾಲ್ಕು ನಿಮಿಷದಂತೆ, ಬರೆಯುವವರೊಬ್ಬರಿಗೆ ಮೂವರು ಮಾತ್ರ. ಇನ್ನೂ ಸುಲಭ ದಾರಿ ಫೋನು. ಹಿಂದಿನ ದಿನವೇ ವಾಟ್ಸ್‌ಆ್ಯಪ್‌ನಲ್ಲಿ ವಾಯ್ಸ್ ಮೆಸೇಜ್ ಕಳಿಸಲು ಹೇಳಿ, ಗ್ರೂಪಿಗೆ ಬೇಡ, ಸಭೆ ನಡೆಸುವವರೊಬ್ಬರಿಗೇ. ಅವರು ಚೀಟಿಗಿಳಿಸಿ ಉಳಿದವುಗಳ ಜೊತೆ ಬೆರೆಸಲಿ. ಮುಳಬಾಗಿಲು, ಶ್ರೀನಿವಾಸಪುರ, ಬಾಗೇಪಲ್ಲಿ, ಪಾವಗಡದ ಕಡೆ ಎಷ್ಟೋ ಮನೆಗಳ ಮಾತು ತೆಲುಗು. ತೆಲುಗಿನಲ್ಲೇ ಹೇಳಲಿ, ಕನ್ನಡ ಅಕ್ಷರದಲ್ಲಿ ತೆಲುಗು ಬರೆದರೂ ಇರಲಿ. ಭಾಷೆ ಹುಡುಕುತ್ತ ಕೂತರೆ ಐಡಿಯಾ ಜಾರಿಹೋಗುತ್ತದೆ.

ಹಾಳೆ ಸುತ್ತಿಸುವುದು

ಎಲ್ಲರೂ ಸರಾಗವಾಗಿ ಬರೆಯುವ ಗುಂಪಾದರೆ, ಉದಾಹರಣೆಗೆ ಕಾರ್ಖಾನೆಯ ಎಂಜಿನಿಯರುಗಳು, ಶಾಲಾ ಶಿಕ್ಷಕರು, ಚೀಟಿಯಾದ ಮೇಲೆ 6-3-5 ಪದ್ಧತಿಯನ್ನೂ ಮಾಡಬಹುದು. ಇದನ್ನು 1968ರಲ್ಲಿ ಜರ್ಮನಿಯ ಬರ್ಂಡ್ ರೋರ್ಬಾಕ್ ಪ್ರಕಟಿಸಿದರು. ಆರು ಜನ, ತಲಾ ಒಂದು ಹಾಳೆ. ಹಾಳೆಯಲ್ಲಿ ಸಾಲಿಗೆ ಮೂರು ಮನೆ (ಚೌಕ) ಬರುವಂತೆ ಆರು ಸಾಲು ಗೆರೆ ಎಳೆದಿರಬೇಕು. ಐದು ನಿಮಿಷದಲ್ಲಿ ಮೊದಲ ಸಾಲಿನ ಮೂರು ಮನೆ ತುಂಬಿಸಿ ಹಾಳೆಯನ್ನು ಬಲಗಡೆಯವರಿಗೆ ಕೊಡಬೇಕು. ಬಂದ ಹಾಳೆಯನ್ನು ಓದಿ, ಅದನ್ನು ಬೆಳೆಸಿಯೋ ಹೊಸದಾಗಿಯೋ ಇನ್ನು ಮೂರು. ಆರು ಸುತ್ತಿಗೆ ಅರ್ಧ ಗಂಟೆ, 108 ಮನೆ.

108 ಎಂಬುದು ಮನೆಗಳ ಲೆಕ್ಕವೇ ಹೊರತು ಐಡಿಯಾಗಳ ಲೆಕ್ಕವಲ್ಲ. ಒಂದೇ ಮಾತು ಎರಡು ಹಾಳೆಯಲ್ಲಿ ಬಂದೇ ಬರುತ್ತದೆ. ಕೆಡುವುದು ಸಾಮಾನ್ಯವಾಗಿ ನಾಲ್ಕನೇ ಸುತ್ತಿನಲ್ಲಿ. ಆಗ ಓದಲಿಕ್ಕೇ ಒಂಬತ್ತು ಮನೆ ಇರುತ್ತದೆ, ಐದು ನಿಮಿಷ ಸಾಲದೆ ಜನ ‘ಮೇಲಿನಂತೆ’ ಎಂದು ಬರೆದು ದಾಟಿಸುತ್ತಾರೆ. ನಾಲ್ಕರಿಂದ ಆಚೆ ಏಳು ನಿಮಿಷ ಕೊಡಿ, ಮೂರರ ಬದಲು ಎರಡು ಬರೆದರೂ ಒಪ್ಪಿಕೊಳ್ಳಿ. ಗೀಚಿದ ಅಕ್ಷರ ಇನ್ನೊಂದು ತೊಡಕು. ಓದಲಾಗದ್ದನ್ನು ಕೇಳದೆ ಬಿಟ್ಟುಬಿಡಿ ಎಂದು ಮೊದಲೇ ಹೇಳಿದರೆ ಎಲ್ಲರೂ ಬಿಡಿಸಿ ಬರೆಯುತ್ತಾರೆ.

ಗೋಡೆಯ ಮುಂದೆ

ಈಗ ಬಾಯಿ ಬಿಡುವ ಹೊತ್ತು. ಚೀಟಿಗಳನ್ನೆಲ್ಲ ಸೇರಿಸಿ ಇಸ್ಪೀಟಿನ ಎಲೆಯಂತೆ ಕಲಸಿ, ಸಭೆ ನಡೆಸುವವರು ಒಂದೊಂದಾಗಿ ಓದುತ್ತ ಅಂಟಿಸಲಿ. ಓದುವ ದನಿ ಒಂದೇ ಸಮ ಇರಬೇಕು. ಒಂದು ಚೀಟಿಗೆ ಹುಬ್ಬೇರಿಸಿದರೂ ಅದರ ಕತೆ ಮುಗಿಯಿತು. ಅರ್ಥವಾಗದಿದ್ದರೆ ಕೇಳಬಹುದು, ‘ಇದು ಆಗಲ್ಲ’ ಎನ್ನುವ ಹಾಗಿಲ್ಲ. ಒಂದೇ ಅರ್ಥದವನ್ನು ಒಂದರ ಮೇಲೊಂದು ಅಂಟಿಸಿ, ಎಸೆಯಬೇಡಿ: ಐದು ಜನಕ್ಕೆ ಒಂದೇ ಹೊಳೆದಿದೆ ಎಂಬುದೂ ಒಂದು ಸುದ್ದಿ. 96 ಚೀಟಿ ಸುಮಾರು ಮೂವತ್ತು ನಲವತ್ತು ಗುಡ್ಡೆಗಳಿಗೆ ಬಂದರೆ ಚೆನ್ನ. ಹತ್ತಕ್ಕಿಳಿದರೆ ನೀವು ಬೇರೆ ಬೇರೆ ಇದ್ದವನ್ನೂ ಒಟ್ಟಿಗೆ ತುರುಕಿದ್ದೀರಿ. ‘ಮಾರ್ಕೆಟಿಂಗ್’ ಎಂಬ ತಲೆಬರಹದ ಕೆಳಗೆ ಹನ್ನೊಂದು ಚೀಟಿ ಕೂತಿದ್ದರೆ ಆ ತಲೆಬರಹ ಕಿತ್ತುಹಾಕಿ.

ಇಲ್ಲೇ ಗುಂಪಿನ ನಿಜವಾದ ಉಪಯೋಗ ಕಾಣುತ್ತದೆ. ಒಬ್ಬರ ಚೀಟಿ ‘ಹಣ್ಣು ಒಣಗಿಸುವುದು’, ಇನ್ನೊಬ್ಬರದು ‘ರೇಷ್ಮೆ ಹುಳು ಮನೆ ಒಂದು ಹುಳು ಸಾಕಣೆ ಮುಗಿದು ಇನ್ನೊಂದು ಶುರುವಾಗೋವರೆಗೆ ಖಾಲಿ ಇರುತ್ತೆ’. ಎರಡನ್ನೂ ಪಕ್ಕಪಕ್ಕ ನೋಡಿದ ಮೂರನೆಯವರು ‘ಅಲ್ಲೇ ತಟ್ಟೆಯಲ್ಲಿ ಹರಡಬಹುದಲ್ಲ’ ಎನ್ನುತ್ತಾರೆ. ತಕ್ಷಣ ನಾಲ್ಕನೆಯವರು ‘ಹುಳು ಮನೆಗೆ ಸೋಂಕು ನಿವಾರಕ ಹೊಡೆದಿರ್ತೀವಿ, ತಿನ್ನೋ ಪದಾರ್ಥ ಇಡೋದು ಬೇಡ’ ಎಂದು ತಡೆಯುತ್ತಾರೆ. ತಡೆದದ್ದು ಸರಿ. ಮಾತು ಅಲ್ಲಿಗೆ ನಿಲ್ಲದೆ ‘ತಟ್ಟೆ ಹೊಸದು ಮಾಡಿಸಿ ತಾರಸಿ ಮೇಲೆ’ ಎಂದು ಮುಂದೆ ಹೋಗುತ್ತದೆ. ಒಂಟಿಯಾಗಿ ಯೋಚಿಸಿ ಆಮೇಲೆ ಕೂಡಿದ ತಂಡಗಳಿಗೆ, ಮೊದಲಿಂದಲೂ ಕೂಡಿಯೇ ಕೂತ ತಂಡಗಳಿಗಿಂತ ಹೆಚ್ಚು ಐಡಿಯಾಗಳೂ ಉತ್ತಮ ಐಡಿಯಾಗಳೂ ಸಿಕ್ಕವು ಎಂದು 2010ರಲ್ಲಿ ಗಿರೋತ್ರಾ, ಟರ್ವೀಶ್ ಮತ್ತು ಉಲ್ರಿಚ್ ಪ್ರಕಟಿಸಿದ ಅಧ್ಯಯನ ಹೇಳುತ್ತದೆ.

ಹುಣಸೆ ಬೀಜದ ಮತ

ಕೈ ಎತ್ತಿಸಿ ಆರಿಸಬೇಡಿ. ಮೊದಲು ಎದ್ದ ಕೈ ಯಾರದೆಂದು ನೋಡಿ ಉಳಿದವು ಏಳುತ್ತವೆ. ಡೆಲ್ಬೆಕ್ ಮತ್ತು ವಾನ್ ಡಿ ವೆನ್ ಎಂಬವರು 1970ರ ದಶಕದ ಆರಂಭದಲ್ಲಿ ಪ್ರಕಟಿಸಿದ ಕ್ರಮದಲ್ಲಿ ಪ್ರತಿಯೊಬ್ಬರೂ ತಮಗೆ ಸರಿಕಂಡ ಐದನ್ನು ಆರಿಸಿ, 5ರಿಂದ 1ರವರೆಗೆ ಅಂಕ ಕೊಟ್ಟು, ಗುಟ್ಟಾಗಿ ಬರೆದುಕೊಡುತ್ತಾರೆ. ಬರೆಯದವರೂ ಇರುವ ಗುಂಪಿಗೆ ಅದನ್ನೇ ಹುಣಸೆ ಬೀಜದಲ್ಲಿ ಮಾಡಬಹುದು.

ಐದು, ನಾಲ್ಕು, ಮೂರು, ಎರಡು, ಒಂದು ಬೀಜದ ಐದು ಪುಟ್ಟ ಪೊಟ್ಟಣ ಒಬ್ಬೊಬ್ಬರಿಗೆ. ಹನ್ನೆರಡು ಜನಕ್ಕೆ 60 ಪೊಟ್ಟಣ, 180 ಬೀಜ. ಗುಡ್ಡೆಗೊಂದರಂತೆ ಟೀ ಕುಡಿಯುವ ಪೇಪರ್ ಕಪ್ಪು, ಬಾಯಿಗೆ ಕಾಗದ ಅಂಟಿಸಿ ಸೀಳು ಬಿಟ್ಟಿರಬೇಕು; ತೆರೆದ ಕಪ್ಪಿನಲ್ಲಿ ತುಂಬಿದ್ದು ಕಂಡರೆ ಮುಂದಿನವರೂ ಅಲ್ಲಿಗೇ ಹಾಕುತ್ತಾರೆ. ಕಪ್ಪಿನ ಮೇಲೆ ಅಕ್ಷರದ ಜೊತೆ ಗುರುತಿನ ಚಿತ್ರ ಇರಲಿ: ಒಣಗಿಸುವುದಕ್ಕೆ ಸೂರ್ಯ, ಒಟ್ಟಿಗೆ ಸಾಗಿಸುವುದಕ್ಕೆ ಟೆಂಪೊ, ಹೀಗೆ. ಒಬ್ಬೊಬ್ಬರಾಗಿ ಪಕ್ಕದ ಕೋಣೆಗೆ ಹೋಗಿ, ಒಂದು ಕಪ್ಪಿಗೆ ಒಂದೇ ಪೊಟ್ಟಣದಂತೆ ಹಾಕಿ ಬರಲಿ. ಎಣಿಸುವಾಗ ಎರಡು ಲೆಕ್ಕ ಬರೆಯಿರಿ, ಬೀಜ ಎಷ್ಟು, ಪೊಟ್ಟಣ ಎಷ್ಟು. ಒಟ್ಟು ಬೀಜ 180 ಆಗದಿದ್ದರೆ ಮತ್ತೆ ಎಣಿಸಿ.

ಎರಡು ಲೆಕ್ಕ ಯಾಕೆಂದರೆ, ಸೂರ್ಯನ ಕಪ್ಪಿಗೆ 30 ಬೀಜ, ಆರು ಪೊಟ್ಟಣ ಬಂದಿರಬಹುದು: ಆರು ಜನ ತಲಾ 5 ಕೊಟ್ಟಿದ್ದಾರೆ, ಉಳಿದ ಆರು ಜನ ಮುಟ್ಟಿಯೇ ಇಲ್ಲ. ಟೆಂಪೊ ಕಪ್ಪಿಗೂ 30 ಬೀಜ, ಆದರೆ ಹನ್ನೆರಡು ಪೊಟ್ಟಣ: ಆರು ಜನ 3, ಆರು ಜನ 2. ಒಟ್ಟು ಒಂದೇ, ಅರ್ಥ ಬೇರೆ. ಟೆಂಪೊ ಯಾರಿಗೂ ಬೇಡವಾಗಿಲ್ಲ, ನಾಳೆಯೇ ಶುರುವಾಗಬಹುದು. ಸೂರ್ಯ ಊರನ್ನು ಎರಡು ಭಾಗ ಮಾಡಿದೆ. ಯಾಕೆಂದು ಕೇಳಿ, ಕಾಲು ಗಂಟೆ ಮಾತಾಡಿ, ಮೇಲಿನ ಐದಕ್ಕೆ ಮಾತ್ರ ಎರಡನೇ ಸಲ ಮತ ಹಾಕಿಸಿ. ಈ ಮಾತಿನ ಹೊತ್ತಿನಲ್ಲೇ ಅಧ್ಯಕ್ಷರೂ ಹಿರಿಯರೂ ತಮ್ಮ ಅನುಭವ ಹೇಳಬೇಕಾದದ್ದು. ಆಗ ಅದು ಯಾರ ಬಾಯಿಯನ್ನೂ ಕಟ್ಟುವುದಿಲ್ಲ.

ಆರಿಸಿದ್ದನ್ನು ಕೆಡವಿ ನೋಡುವುದು

ಗೆದ್ದ ಐಡಿಯಾದ ಮೇಲೆ ಎಲ್ಲರಿಗೂ ಅಕ್ಕರೆ ಬಂದಿರುತ್ತದೆ, ಕೊರತೆ ಹೇಳುವುದು ಕಷ್ಟ. ಮನಶ್ಶಾಸ್ತ್ರಜ್ಞ ಗ್ಯಾರಿ ಕ್ಲೈನ್ ಸೂಚಿಸಿದ ಉಪಾಯ ಇಲ್ಲಿ ಚೆನ್ನಾಗಿ ಒದಗುತ್ತದೆ. ‘ಆರು ತಿಂಗಳಾಗಿದೆ. ಈ ಕೆಲಸ ಪೂರ್ತಿ ಕೆಟ್ಟಿದೆ. ಯಾಕೆ ಕೆಟ್ಟಿತು, ಬರೆಯಿರಿ’ ಎಂದು ಮೂರು ನಿಮಿಷ ಕೊಡಿ, ಮತ್ತೆ ಚೀಟಿಯಲ್ಲೇ. ಕೆಡಬಹುದಾ ಎಂದು ಕೇಳಿದರೆ ‘ಏನಾಗಲ್ಲ ಬಿಡಿ’ ಎಂದು ಬರುತ್ತದೆ. ಕೆಟ್ಟಾಗಿದೆ ಎಂದು ಹೇಳಿದರೆ ಕಾರಣಗಳು ಸುರಿಯುತ್ತವೆ.

ಒಣಗಿಸುವುದನ್ನೇ ತೆಗೆದುಕೊಳ್ಳಿ. ಟೊಮೆಟೊದಲ್ಲಿ ನೂರಕ್ಕೆ 94–95 ಪಾಲು ನೀರು. 15 ಕೆ.ಜಿ.ಯ ಬಾಕ್ಸ್ ಒಣಗಿದರೆ ಸುಮಾರು ಒಂದು ಕೆ.ಜಿ.ಯಷ್ಟೇ ಉಳಿಯುತ್ತದೆ. ಹನ್ನೆರಡು ಮನೆಯಿಂದ ದಿನಕ್ಕೆ ಹತ್ತು ಹತ್ತು ಬಾಕ್ಸ್ ಬಂದರೆ 1,800 ಕೆ.ಜಿ. ಹೋಳು ಮಾಡಬೇಕು, ಯಾರು? ಮೋಡ ಮುಚ್ಚಿದ ಮೂರು ದಿನ ಬಂದರೆ ಬೂಷ್ಟು. ಮಾರಲು ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ನೋಂದಣಿ ಬೇಕು. ಕೊಳ್ಳುವವರು ಮೊದಲು ಮಾದರಿ ಕೇಳುತ್ತಾರೆ. ಈ ಚೀಟಿಗಳು ಐಡಿಯಾವನ್ನು ಕೊಲ್ಲಬೇಕಿಲ್ಲ. ‘ಮೊದಲ ಸಲ ದಿನಕ್ಕೆ ಎರಡೇ ಬಾಕ್ಸ್, ಎರಡು ವಾರ, ಮುಂಚೆ ಕೊಳ್ಳುವವರೊಬ್ಬರು ಸಿಕ್ಕ ಮೇಲೆ’ ಎಂದು ಅದನ್ನು ಅಳತೆಗೆ ತರುತ್ತವೆ.

ಯಾವಾಗ ಇದು ಬೇಡ

ಬೋರ್‌ವೆಲ್ ಮೋಟರ್ ಸುಟ್ಟಿದೆ, ಯಾರನ್ನು ಕರೆಯಬೇಕು ಎಂಬುದಕ್ಕೆ ಚೀಟಿ ಬೇಡ, ಗೊತ್ತಿರುವವರನ್ನು ಕೇಳಿದರೆ ಮುಗಿಯಿತು. ತೀರ್ಮಾನ ಆಗಿಹೋಗಿದ್ದು ಜನರ ಒಪ್ಪಿಗೆಯ ಮುದ್ರೆ ಮಾತ್ರ ಬೇಕಾಗಿದ್ದರೂ ಇದನ್ನು ಮಾಡಬೇಡಿ; ಒಂದು ಸಲ ಹಾಗಾದರೆ ಮುಂದಿನ ಸಭೆಗೆ ಖಾಲಿ ಚೀಟಿಗಳೇ ಬರುತ್ತವೆ. ಇಬ್ಬರ ನಡುವಿನ ಹಳೆಯ ಮನಸ್ತಾಪ ಗುಂಪನ್ನು ಹಿಡಿದಿದ್ದರೆ ಮೊದಲು ಅದನ್ನು ಬಾಯಿಮಾತಿನಲ್ಲೇ ಬಗೆಹರಿಸಬೇಕು.

ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ‘ಎಲ್ಲರೂ ಐಡಿಯಾ ಹಾಕಿ’ ಎನ್ನುವುದಂತೂ ಸಭೆಗಿಂತ ಕಡೆ. ಒಬ್ಬರು ಹಾಕಿದ್ದಕ್ಕೆ ಹತ್ತು ಹೆಬ್ಬೆರಳು ಬಿದ್ದ ಮೇಲೆ ಹನ್ನೊಂದನೆಯವರು ಬೇರೆ ಮಾತು ಎತ್ತುವುದಿಲ್ಲ. ಹೆಸರು ಕೇಳದ, ಒಬ್ಬರ ಉತ್ತರ ಇನ್ನೊಬ್ಬರಿಗೆ ಕಾಣದ ಗೂಗಲ್ ಫಾರ್ಮ್ ಆದರೆ ಪರವಾಗಿಲ್ಲ. ಬೆಂಗಳೂರಿಗೆ ದಿನಾ ಓಡಾಡುವ ಸದಸ್ಯರಿಗೆ ಅದೇ ಅನುಕೂಲ.

ಸಭೆ ಮುಗಿಯುವ ಮುಂಚೆ ಆರಿಸಿದ ಎರಡು ಅಥವಾ ಮೂರು ಕೆಲಸಕ್ಕೆ ಒಬ್ಬೊಬ್ಬರ ಹೆಸರು, ತಾರೀಕು, ಎಷ್ಟು ದುಡ್ಡು ಎಂಬುದನ್ನು ನಡವಳಿ ಪುಸ್ತಕದಲ್ಲಿ ಬರೆದು ಸಹಿ ಹಾಕಿಸಿ. ಗೋಡೆಯ ಫೋಟೊ ತೆಗೆದುಕೊಳ್ಳಿ. ಆರಿಸದೇ ಉಳಿದ ಚೀಟಿಗಳನ್ನು ಕವರಿಗೆ ಹಾಕಿ, ಮೇಲೆ ಪ್ರಶ್ನೆ ಮತ್ತು ತಾರೀಕು ಬರೆದು, ಸಂಘದ ಬೀರುವಿನಲ್ಲಿಡಿ. ಮುಂದಿನ ನಾಟಿಗೆ ನರ್ಸರಿಯಲ್ಲಿ ಸಸಿ ಬುಕ್ ಮಾಡುವುದಕ್ಕೆ ಒಂದು ತಿಂಗಳು ಮುಂಚೆ ಆ ಕವರ್ ತೆಗೆದು ಓದಿಸಿ.